ದೀಪದ ಫೈಲಿನ ಮುಚ್ಚಳ

ನಮ್ಮೂರಿನಲ್ಲಿ ಬೀದಿದೀಪ ಹತ್ತುವ ಹೊತ್ತಿಗೆ ಯಾರ ಗಂಟಲಿನಿಂದಲೂ ಮಾತು ಹೊರಡುತ್ತಿರಲಿಲ್ಲ. ಒಂದು ಪಾವು ಅಕ್ಕಿ ಕುದಿ ಬರುವಷ್ಟು ಹೊತ್ತು ಅಷ್ಟೆ. ನಾಯಿ ಬೊಗಳಿದರೆ ಕೇಳುತ್ತಿತ್ತು, ಪಾತ್ರೆ ಬಿದ್ದರೆ ಕೇಳುತ್ತಿತ್ತು, ಮನುಷ್ಯರ ದನಿ ಮಾತ್ರ ಇರುತ್ತಿರಲಿಲ್ಲ. ಆಮೇಲೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮಾತು ಮುಂದುವರಿಯುತ್ತಿತ್ತು.

ಇದರಿಂದ ಯಾರಿಗೂ ದೊಡ್ಡ ತೊಂದರೆ ಇದ್ದ ಹಾಗೆ ಕಾಣುತ್ತಿರಲಿಲ್ಲ. ಸೊಪ್ಪು ಮಾರುವವರು ಆ ಹೊತ್ತಿಗೆ ಬುಟ್ಟಿ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಸಂಗೀತದ ಮೇಷ್ಟ್ರು ಮಕ್ಕಳಿಗೆ ತಾಳ ಹಾಕಲು ಹೇಳಿ ಎಲೆ ಅಡಿಕೆ ಮೆಲ್ಲುತ್ತಿದ್ದರು. ಗಂಡ ಹೆಂಡಿರ ಜಗಳಗಳು ಆ ಹೊತ್ತಿಗೆ ನಿಂತು, ಮತ್ತೆ ಶುರು ಮಾಡಲು ಇಬ್ಬರಿಗೂ ನಾಚಿಕೆಯಾಗಿ, ಅಲ್ಲಿಗೇ ಬಿಟ್ಟುಹೋಗುತ್ತಿದ್ದವು. ಹೆಣ್ಣು ನೋಡಲು ಬರುವ ಪರವೂರಿನವರಿಗೆ ಮಾತ್ರ ಮೊದಲೇ ತಿಳಿಸಿಬಿಡುತ್ತಿದ್ದೆವು. ಒಮ್ಮೆ ತಿಳಿಸಲು ಮರೆತು, ಗಂಡಿನ ಕಡೆಯವರು ಸರಿಯಾಗಿ ದೀಪದ ಹೊತ್ತಿಗೆ ಬಂದು ಕುಳಿತು, ಬೀಗರಾಗಬೇಕಾದವರು ಒಬ್ಬರೂ ಬಾಯಿ ಬಿಡದೆ ಉಪ್ಪಿಟ್ಟು ಬಡಿಸುವುದನ್ನು ಕಂಡು, ತಮಗೂ ಮಾತು ಹೊರಡದೆ ಕಂಗಾಲಾಗಿ ಎದ್ದು ಹೋಗಿದ್ದರು.

ಆ ಹೊತ್ತಿನಲ್ಲಿ ಅಗತ್ಯ ಬಿದ್ದರೆ ನಾವೆಲ್ಲ ಕೈಯಲ್ಲಿ ಮಾತಾಡುತ್ತಿದ್ದೆವು. ಕೈಮಾತು ಊರಿಗೆ ಬಂದದ್ದು ತುಂಗಮ್ಮನವರಿಂದ. ಅವರಿಗೆ ಹುಟ್ಟಿನಿಂದಲೇ ದನಿ ಇರಲಿಲ್ಲ. ಕಿವಿ ಚೆನ್ನಾಗಿ ಕೇಳುತ್ತಿತ್ತು. ಸಂಜೆಯಾದರೆ ಅವರ ಮನೆಯ ಜಗಲಿಯ ಮುಂದೆ ಹತ್ತಾರು ಜನ ಸೇರುತ್ತಿದ್ದರು. ದೀಪ ಹತ್ತಿದ ಕೂಡಲೇ ಎಲ್ಲರ ಕೈಗಳೂ ಮೇಲೇಳುತ್ತಿದ್ದವು. ಊಟಕ್ಕೆ ಏನು, ಮಗು ಮಲಗಿತೇ, ಸೊಳ್ಳೆ ಜಾಸ್ತಿ, ಚಂದ್ರ ಹುಟ್ಟಿದ ನೋಡಿ. ತುಂಗಮ್ಮ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದರು. ತಪ್ಪು ಮಾಡಿದವರ ಬೆರಳು ಹಿಡಿದು ತಿದ್ದುತ್ತಿದ್ದರು. ಮಾತು ಮರಳಿದ ಮೇಲೆ ಜನ ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತ ಮನೆಗೆ ಹೋಗುತ್ತಿದ್ದರು.

ನಾನು ಕೆಲಸ ಮಾಡುತ್ತಿದ್ದದ್ದು ಫೈಲ್ ಆಫೀಸಿನಲ್ಲಿ. ಊರಿನ ನೀರು, ದೀಪ, ಶಾಲೆಯ ಗಂಟೆ ಎಲ್ಲವೂ ಅಲ್ಲಿನ ಕಂಪ್ಯೂಟರ್ ಫೈಲುಗಳಲ್ಲಿ ಬರೆದಿಟ್ಟ ಕೋಡಿನಂತೆ ನಡೆಯುತ್ತಿದ್ದವು. ನೀರಿನ ಫೈಲುಗಳು ನನ್ನವು. ಪಕ್ಕದ ಮೇಜಿನಲ್ಲಿ ದೀಪದ ಫೈಲುಗಳನ್ನು ನೋಡಿಕೊಳ್ಳುತ್ತಿದ್ದವರು ಪಂಕಜಾಕ್ಷಿ. ಎಲ್ಲರಿಗೂ ಅವರು ಪಂಕಜಕ್ಕ. ಈ ಕಥೆ ಅವರದು.

ಪ್ರತಿ ಫೈಲಿನ ತಲೆಯಲ್ಲಿ ಒಂದು ಟ್ಯಾಗ್ ಇರಬೇಕು, ಕೋಡ್ ಇಲ್ಲಿಂದ ಶುರು ಎಂದು ಯಂತ್ರಕ್ಕೆ ತಿಳಿಸಲು. ಅದಿಲ್ಲದೆ ನಡೆಯುವುದಿಲ್ಲ. ಫೈಲಿನ ಬುಡದಲ್ಲಿ, ಇಲ್ಲಿಗೆ ಮುಗಿಯಿತು ಎನ್ನಲು, ಇನ್ನೊಂದು ಟ್ಯಾಗ್. ಅದಕ್ಕೆ ನಾವು ಮುಚ್ಚಳ ಎನ್ನುತ್ತಿದ್ದೆವು. ಈ ಮುಚ್ಚಳ ಹಾಕಿದರೂ ಆಯಿತು, ಬಿಟ್ಟರೂ ಆಯಿತು. ಫೈಲು ಮುಗಿದ ಕಡೆ ಯಂತ್ರ ತಾನಾಗಿ ನಿಲ್ಲುತ್ತದೆ. ಆದರೆ ಮುಚ್ಚಳ ಹಾಕಿದ ಮೇಲೆ ಅದರ ಕೆಳಗೆ ಏನಾದರೂ ಉಳಿದುಬಿಟ್ಟರೆ, ಯಂತ್ರ ಅದನ್ನು ಕೋಡ್ ಎಂದು ಓದುವುದಿಲ್ಲ, ಇದ್ದ ಹಾಗೇ ಊರಿನ ಬಾಯಿಗೆ ಬಿಟ್ಟುಬಿಡುತ್ತದೆ. ನನಗಿಂತ ಮುಂಚೆ ನೀರಿನ ಮೇಜಿನಲ್ಲಿದ್ದವರು ಒಮ್ಮೆ ತಮ್ಮ ನೆನಪಿಗೆ ಇರಲೆಂದು ನಲ್ಲಿ ಫೈಲಿನ ಮುಚ್ಚಳದ ಕೆಳಗೆ ‘ಕೊತ್ತಂಬರಿ ತರಬೇಕು’ ಎಂದು ಬರೆದು, ಅಳಿಸದೆ ಮನೆಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ನಲ್ಲಿ ತಿರುಗಿಸಿದವರೆಲ್ಲ ‘ಕೊತ್ತಂಬರಿ ತರಬೇಕು’ ಎಂದರು. ಬಿಸಿಲೇರುವ ಮೊದಲೇ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಖಾಲಿಯಾಗಿತ್ತು. ಎಲ್ಲರ ಮನೆಯಲ್ಲೂ ಅಂದು ಕೊತ್ತಂಬರಿ ಚಟ್ನಿ.

ಪಂಕಜಕ್ಕ ಮುಚ್ಚಳದ ಪಕ್ಷ. ತೆರೆದದ್ದನ್ನು ಮುಚ್ಚದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಸಾಸಿವೆ ಡಬ್ಬಿಯಿಂದ ಹಿಡಿದು ನೆಂಟರೊಂದಿಗಿನ ಮಾತಿನವರೆಗೆ ಅವರು ಎಲ್ಲಕ್ಕೂ ಸರಿಯಾಗಿ ಮುಕ್ತಾಯ ಹಾಡುತ್ತಿದ್ದರು. ಅವರ ಯಜಮಾನರು ವಾಸುದೇವಯ್ಯ, ಟೈಲರು, ಇದಕ್ಕೆ ತದ್ವಿರುದ್ಧ. ಬೀರುವಿನ ಬಾಗಿಲು, ಎಣ್ಣೆ ಬಾಟಲಿ ಯಾವುದನ್ನೂ ಮುಚ್ಚಿದವರಲ್ಲ. ಕೇಳಿದರೆ, “ಮುಚ್ಚಿದ್ರೆ ಮತ್ತೆ ತೆಗೀಬೇಕಲ್ವೇನೆ,” ಎನ್ನುತ್ತಿದ್ದರು. ಇವರಿಬ್ಬರ ಸಂಸಾರ ನಡೆದದ್ದು ಸಂಜೆಯ ಆ ಮೌನದ ಕೃಪೆಯಿಂದ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ಪಂಕಜಕ್ಕನಿಗೆ ಈ ಶಿಸ್ತು ಕಲಿಸಿದವರು ದ್ಯಾವಪ್ಪನವರು, ತುಂಗಮ್ಮನ ಗಂಡ. ಊರಿಗೆ ಬೀದಿದೀಪ ಬಂದಾಗ ದೀಪದ ಫೈಲು ಬರೆದವರು ಅವರೇ. ಎಷ್ಟೋ ವರ್ಷ ಪಂಕಜಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿ ನಿವೃತ್ತರಾದರು. “ಯಾವ ಫೈಲನ್ನೂ ಬಾಯಿ ತೆರೆದು ಬಿಡಬೇಡಮ್ಮ,” ಎಂದು ಹೇಳಿದ್ದರಂತೆ. ಹಬ್ಬಕ್ಕೊಮ್ಮೆ ಪಂಕಜಕ್ಕ ಹಣ್ಣು ತೆಗೆದುಕೊಂಡು ಹೋಗಿ ಅವರ ಕಾಲಿಗೆ ನಮಸ್ಕಾರ ಮಾಡಿ ಬರುತ್ತಿದ್ದರು. ಅವರು ಬರೆದ ದೀಪದ ಫೈಲು ಒಂದು ದಿನವೂ ಕೈಕೊಟ್ಟಿರಲಿಲ್ಲ. ಹಾಗಾಗಿ ಪಂಕಜಕ್ಕ ಅದನ್ನು ತೆರೆದು ನೋಡುವ ಪ್ರಸಂಗವೂ ಬಂದಿರಲಿಲ್ಲ.

ಹೀಗಿರುವಾಗ ಲಾಜರಸ್ ಸಾಹೇಬರು ನಮ್ಮ ಆಫೀಸಿಗೆ ಹೊಸ ಮುಖ್ಯಸ್ಥರಾಗಿ ಬಂದರು. ಮೆಲುಮಾತಿನ ಮನುಷ್ಯ. ಸಿಟ್ಟು ಬಂದರೆ ಕನ್ನಡಕ ಒರೆಸುವವರು. ಕೊತ್ತಂಬರಿ ಪ್ರಸಂಗ ಕೇಳಿ ನಗಲಿಲ್ಲ. ಎಲ್ಲ ಫೈಲುಗಳ ಮುಚ್ಚಳ ತೆಗೆಯಿರಿ ಎಂದರು. ಎಲ್ಲರೂ ತೆಗೆದೆವು, ನಾನೂ ತೆಗೆದೆ. ಪಂಕಜಕ್ಕ ತೆಗೆಯಲಿಲ್ಲ.

“ಮೇಡಂ, ಅದು ಐಚ್ಛಿಕ,” ಎಂದರು ಸಾಹೇಬರು ಅವರ ಮೇಜಿನ ಬಳಿ ನಿಂತು. “ಐಚ್ಛಿಕ ಅಂದ್ರೆ ಬಿಡಬಹುದು ಅಂತ.”

“ಐಚ್ಛಿಕ ಅಂದ್ರೆ ಹಾಕಬಹುದು ಅಂತಲೂ ಆಗುತ್ತೆ ಸರ್.”

“ಮುಚ್ಚಳ ಇಲ್ದಿದ್ರೆ ಅದರ ಕೆಳಗೆ ಬರೆಯೋ ಮಾತೇ ಇಲ್ಲ. ಏನು ಬರೆದ್ರೂ ಕೋಡ್ ಒಳಗೇ ಬೀಳುತ್ತೆ. ತಪ್ಪಾಗಿದ್ರೆ ಯಂತ್ರ ಅಲ್ಲೇ ನಿಂತು ನಮ್ಮನ್ನ ಕೇಳುತ್ತೆ. ಊರಿಗೆ ಹೋಗಲ್ಲ.”

“ಕೊತ್ತಂಬರಿ ಬರೆದೋರು ಬೇರೆ, ನಾನು ಬೇರೆ ಸರ್. ನನ್ನ ಮುಚ್ಚಳದ ಕೆಳಗೆ ಏನೂ ಇಲ್ಲ. ಊಟ ಆದ ಮೇಲೆ ಎಲೆ ಮಡಿಸದೆ ಏಳೋ ಅಭ್ಯಾಸ ನನಗಿಲ್ಲ.”

ಸಾಹೇಬರು ಕನ್ನಡಕ ಒರೆಸಿಕೊಂಡರು. ಅಂದಿನಿಂದ ಇಬ್ಬರೂ ಪರಸ್ಪರ ಬಹಳ ಮರ್ಯಾದೆಯಿಂದ ನಡೆದುಕೊಳ್ಳತೊಡಗಿದರು. ಅದನ್ನು ನೋಡುವುದು ನಮಗೆ ಕಷ್ಟವಾಗುತ್ತಿತ್ತು.

ಮಳೆಗಾಲ ಮುಗಿದು ಹೊಳೆ ಇನ್ನೂ ತುಂಬಿದ್ದ ದಿನಗಳಲ್ಲಿ ಕೆಂಚಮ್ಮ ನೀರಿಗೆ ಬಿದ್ದಳು. ಕೆಂಚಮ್ಮ ಎಂದರೆ ದೋಣಿ ಮುದ್ದಣ್ಣನ ಹೆಂಡತಿ. ಗಂಡ ಮುಂದೆ ನಿಂತು ಹುಟ್ಟು ಹಾಕಿದರೆ ಇವಳು ಹಿಂದೆ ಕೂತು, ಆಚೆ ದಡದಿಂದ ತಂದ ಸೌತೆಕಾಯಿ ಬುಟ್ಟಿಗಳನ್ನು ನೋಡಿಕೊಳ್ಳುತ್ತಿದ್ದಳು. ಅಂದು ದೋಣಿಯಲ್ಲಿ ಅವರಿಬ್ಬರೇ. ನಡುಹೊಳೆಯಲ್ಲಿರುವಾಗ ದಡದ ದೀಪಗಳು ಹತ್ತಿದವು. ಅದೇ ಹೊತ್ತಿಗೆ ಬುಟ್ಟಿಯೊಂದು ವಾಲಿತು. ಹಿಡಿಯಲು ಹೋದ ಕೆಂಚಮ್ಮ ಬುಟ್ಟಿಯ ಜೊತೆಗೇ ಹೋದಳು. ಹೊಳೆಯ ಸದ್ದಿನಲ್ಲಿ ಅವಳು ಬಿದ್ದ ಸದ್ದು ಮುದ್ದಣ್ಣನಿಗೆ ಕೇಳಿಸಲಿಲ್ಲ. ಹಗಲು ಹೊತ್ತಾಗಿದ್ದರೆ ಅವಳ ಗಂಟಲು ಆಚೆ ದಡಕ್ಕೂ ಕೇಳುವಂಥದ್ದು. ಅವನು ದಡಕ್ಕೆ ಬಂದು ಹಗ್ಗ ಕಟ್ಟಿ, “ಇಳಿಯೇ,” ಎಂದು ಕೈ ಮಾಡಿ ತಿರುಗಿದಾಗ ಹಿಂದೆ ಯಾರೂ ಇರಲಿಲ್ಲ.

ಕೆಳಗಿನ ತಿರುವಿನಲ್ಲಿ ದಡದಂಚಿಗೆ ಬೆಳೆದ ಆಪಿನ ಹುಲ್ಲು ಹಿಡಿದುಕೊಂಡು ನೇತಾಡುತ್ತಿದ್ದವಳನ್ನು ಎಮ್ಮೆ ಮೈ ತೊಳೆಯುತ್ತಿದ್ದವರು ಕಂಡು ಎಳೆದು ಹಾಕಿದರು. ಜೀವ ಉಳಿಯಿತು. ಎದೆಗೆ ನೀರು ಹೋಗಿ ಆಸ್ಪತ್ರೆ ಸೇರಿದಳು. ಬದುಕುತ್ತಾಳೋ ಇಲ್ಲವೋ ಎಂದು ಡಾಕ್ಟರು ಕೆಲವು ದಿನ ಏನೂ ಹೇಳಲಿಲ್ಲ.

ಮುದ್ದಣ್ಣ ನಮ್ಮ ಆಫೀಸಿಗೆ ಬಂದದ್ದು ಅವಳಿಗೆ ಸ್ವಲ್ಪ ಗುಣವಾದ ಮೇಲೆ. ಜಗಳಕ್ಕೆ ಬಂದವನಲ್ಲ. ಪಂಕಜಕ್ಕನ ಮೇಜಿನ ಮುಂದೆ ನಿಂತು ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

“ಅಮ್ಮಾ, ದೀಪ ನೋಡೋರು ನೀವೇ ಅಂತೆ. ಒಂದು ಕೇಳ್ಲಾ?”

“ಕೇಳಪ್ಪ.”

“ಅವಳು ಕೂಗಿದ್ಲಂತೆ. ಜೀವ ಹೋಗೋ ಹಂಗೆ ಕೂಗಿದ್ಲಂತೆ, ಮೂರು ಮಾರು ದೂರದಾಗೆ ನಾನಿದ್ದೆ. ಆ ಕೂಗು ಎಲ್ಲಿಗೆ ಹೋಯ್ತಮ್ಮ?”

ದೀಪದ ಹೊತ್ತಿನ ಮೌನವನ್ನು ನಾವೆಲ್ಲ ಕರೆಂಟಿನ ಗುಣ ಎಂದು ತಿಳಿದಿದ್ದೆವು. ಬೀದಿಗೆ ದೀಪ ಬಂದಾಗಿನಿಂದ ಇತ್ತು, ದೀಪದ ಜೊತೆಗೇ ಬರುತ್ತಿತ್ತು. ಅದಕ್ಕೊಂದು ಕಾರಣ ಹುಡುಕಬೇಕು ಎಂದು ಯಾರಿಗೂ ಅನಿಸಿರಲಿಲ್ಲ. ಮುದ್ದಣ್ಣ ವಸ್ತ್ರವನ್ನು ಮತ್ತೆ ತಲೆಗೆ ಸುತ್ತಿಕೊಂಡ. “ಆಗ್ಲಿ ಬಿಡಿ, ಹಿಂಗೇ ಕೇಳ್ದೆ,” ಎಂದು ಹೋದ.

ಅವನು ಹೋದ ಮೇಲೆ ಪಂಕಜಕ್ಕ ದೀಪದ ಫೈಲು ತೆರೆದರು. ಗುರುಗಳ ಕೋಡು ಒಪ್ಪವಾಗಿತ್ತು. ಕೊನೆಯಲ್ಲಿ ಮುಚ್ಚಳ ಇತ್ತು. ಕೆಳಗೆ ಏನೂ ಇರಲಿಲ್ಲ. ಸಮಾಧಾನದಿಂದ ಫೈಲು ಮುಚ್ಚಲು ಹೋದವರು, ಯಾಕೋ ಕೆಳಮುಖದ ಬಾಣದ ಕೀಲಿ ಒತ್ತಿದರಂತೆ. ಕರ್ಸರ್ ಮುಚ್ಚಳದ ಕೆಳಗಿನ ಸಾಲಿಗೆ ಇಳಿಯಿತು. ಮತ್ತೆ ಒತ್ತಿದರು, ಮತ್ತೂ ಇಳಿಯಿತು. ಒತ್ತಿ ಹಿಡಿದುಕೊಂಡರು. ಖಾಲಿ ಸಾಲುಗಳು, ಪುಟದ ಮೇಲೆ ಪುಟ. ಮುಚ್ಚಳದ ಕೆಳಗೆ ಬರೆದದ್ದು ಊರಿನ ಬಾಯಿಗೆ ಬರುತ್ತದೆ ಎಂದು ನಮಗೆ ಗೊತ್ತಿತ್ತು. ಏನೂ ಬರೆಯದೆ ಬಿಟ್ಟ ಜಾಗ ಏನು ಮಾಡುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಅದೂ, ಮೌನವಾಗಿ, ಊರಿನ ಬಾಯಿಗೇ ಬರುತ್ತಿತ್ತು.

“ಶೇಷಣ್ಣ, ಇಲ್ಲಿ ಬನ್ನಿ,” ಎಂದು ನನ್ನನ್ನು ಕರೆದರು. ನೋಡಿದೆ. ಸಾಹೇಬರೂ ಬಂದು ನೋಡಿದರು.

“ಅಳಿಸಿಬಿಡಿ,” ಎಂದರು ಸಾಹೇಬರು. ಗೆದ್ದೆ ಎನ್ನುವ ಭಾವ ಅವರ ಮುಖದಲ್ಲಿ ಇರಲಿಲ್ಲ. “ಮುಚ್ಚಳ ಬೇಕಾದ್ರೆ ಇಟ್ಕೊಳ್ಳಿ ಮೇಡಂ. ಖಾಲಿ ಜಾಗ ಅಳಿಸಿ.”

“ಸರ್, ಒಂದೆರಡು ಸಾಲು ಆಗಿದ್ರೆ ಕೈತಪ್ಪಿ ಅನ್ನಬಹುದಿತ್ತು. ಇಷ್ಟು ದೂರ ಯಾರೂ ಕೈತಪ್ಪಿ ಹೋಗಲ್ಲ. ಬೇಕು ಅಂತಲೇ ಬಿಟ್ಟಿದಾರೆ. ಸಂಜೆ ಒಳಗೆ ಅಳಿಸ್ತೀನಿ. ಅದಕ್ಕೆ ಮುಂಚೆ ಕೇಳಿ ಬರ್ತೀನಿ.”

ನಡುಹಗಲು. ದ್ಯಾವಪ್ಪನವರು ಹಿತ್ತಲಲ್ಲಿ ಕನಕಾಂಬರಕ್ಕೆ ನೀರು ಹಾಕುತ್ತಿದ್ದರು. ಒಳಗೆ ತುಂಗಮ್ಮ ಒಗ್ಗರಣೆ ಹಾಕುತ್ತಿದ್ದ ಸದ್ದು. ಪಂಕಜಕ್ಕ ಹೋದವರೇ, ಕೂರದೆ, ಕಂಡದ್ದನ್ನು ಹೇಳಿದರು. ಮುದುಕರು ತಂಬಿಗೆ ಕೆಳಗಿಟ್ಟು ಕಲ್ಲಿನ ಮೇಲೆ ಕುಳಿತರು. ಸುಳ್ಳು ಹೇಳಲಿಲ್ಲ.

“ನಾನೇ ಬಿಟ್ಟದ್ದು,” ಎಂದರು. “ಮದುವೆಯಾಗಿ ಬಂದ ಹೊಸದರಲ್ಲಿ ಇವಳ ಹತ್ತಿರ ಒಬ್ಬರೂ ಮಾತಾಡ್ತಿರಲಿಲ್ಲ ಪಂಕಜ. ನಲ್ಲಿ ಕಟ್ಟೆಯಲ್ಲಿ ಹೆಂಗಸರು ಇವಳ ಎದುರಿಗೇ ಇವಳ ಬಗ್ಗೆ ಮಾತಾಡೋರು, ಗೋಡೆ ಮುಂದೆ ಮಾತಾಡಿದ ಹಾಗೆ. ಇವಳಿಗೆ ಕಿವಿ ಕೇಳುತ್ತೆ ಅಂತಲೂ ಮರೆತುಬಿಡೋರು. ಎರಡು ವರ್ಷ ನೋಡಿದೆ. ಆಗ ದೀಪದ ಕೆಲಸ ನನಗೆ ಬಂತು. ದಿನಕ್ಕೊಂದು ಗಳಿಗೆ ಇವರಿಗೂ ಬಾಯಿ ಇಲ್ಲದೆ ಹೋದ್ರೆ ಇವಳ ಹತ್ತಿರ ಬರ್ತಾರೆ ಅನ್ನಿಸಿತು. ಬಂದರು ನೋಡು. ಇಡೀ ಊರೇ ಕಲೀತು.”

“ಅವರಿಗೆ ಗೊತ್ತಾ?”

“ಇಲ್ಲ. ಅವಳೂ ಎಲ್ಲರ ಹಾಗೆ ಕರೆಂಟಿನ ಗುಣ ಅಂತ್ಲೇ ತಿಳಿದಿದಾಳೆ.” ಮುದುಕರು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. “ಕೆಂಚಮ್ಮನ ವಿಷಯ ಕೇಳಿದಾಗಿನಿಂದ ನಿದ್ದೆ ಇಲ್ಲ ನನಗೆ. ಆದ್ರೂ ಅಳಿಸು ಅನ್ನೋಕೆ ಬಾಯಿ ಬರ್ತಿಲ್ಲ. ನನಗಾಗ್ಲೇ ಎಂಬತ್ತು. ನಾನು ಹೋದ ಮೇಲೆ ಇವಳ ಹತ್ತಿರ ಮಾತಾಡೋರು ಯಾರು? ಹೊಳೆ ದಡದಲ್ಲಿ ಒಂದು ಗಂಟೆ ಕಟ್ಟಿಸೋಣ. ದೋಣಿಗೊಂದು ಪೀಪಿ ಕೊಡಿಸೋಣ. ಅದು ಮಾತ್ರ ಇರಲಿ ಬಿಡು ತಾಯಿ.”

ಪಂಕಜಕ್ಕನಿಗೆ ತಲೆ ಎತ್ತಿ ಅವರನ್ನು ನೋಡಲಾಗಲಿಲ್ಲ. ತನಗೆ ಅನ್ನದ ದಾರಿ ತೋರಿಸಿದ ಮನುಷ್ಯ ಕೈ ಮುಗಿಯುತ್ತಿದ್ದ. ಆಗಲಿ ಎಂದುಬಿಡೋಣ ಅನ್ನಿಸಿತಂತೆ. ಅಷ್ಟರಲ್ಲಿ ಒಗ್ಗರಣೆಯ ಸದ್ದು ನಿಂತು ಎಷ್ಟೋ ಹೊತ್ತಾಗಿದೆ ಎಂದು ಗಮನಕ್ಕೆ ಬಂತು. ತಿರುಗಿದರು. ಬಾಗಿಲಲ್ಲಿ ತುಂಗಮ್ಮ ಸೌಟು ಹಿಡಿದು ನಿಂತಿದ್ದರು. ಮಾತು ಬಾರದವರ ಕಿವಿ ಕೇಳುತ್ತದೆ ಎನ್ನುವುದನ್ನು ಅವರ ಗಂಡನೂ ಅಂದು ಮರೆತಿದ್ದರು.

ತುಂಗಮ್ಮ ಸೌಟನ್ನು ಹೊಸ್ತಿಲ ಮೇಲಿಟ್ಟು ಎರಡೂ ಕೈ ಬಿಡುವು ಮಾಡಿಕೊಂಡರು. ಆಮೇಲೆ ಹೇಳಿದ್ದೆಲ್ಲ ಗಂಡನಿಗೆ. ಅಷ್ಟು ಬೇಗ ಆಡುವ ಕೈಗಳನ್ನು ಪಂಕಜಕ್ಕ ನೋಡಿರಲಿಲ್ಲ. ಅರ್ಧಕ್ಕರ್ಧ ತಿಳಿಯಲೂ ಇಲ್ಲ. ಸಂಜೆಯ ಜಗಲಿಯ ಮಾತುಗಳಲ್ಲಿ ಸಿಟ್ಟಿನ ಮಾತು ಇರಲಿಲ್ಲವಲ್ಲ. ಮುದುಕರು ಮಾತ್ರ ಕುಗ್ಗುತ್ತ ಕುಗ್ಗುತ್ತ ಕಲ್ಲಿನ ತುದಿಗೆ ಬಂದರು. ಒಂದು ಸಲ, “ನಿನ್ನ ಒಳ್ಳೇದಕ್ಕೇ ಕಣೇ,” ಎಂದರು. ತುಂಗಮ್ಮ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು, ಪಂಕಜಕ್ಕನ ರಟ್ಟೆ ಹಿಡಿದು, ನಡೆ ಎಂದು ಬೀದಿಯ ಕಡೆ ತೋರಿಸಿದರು.

ಸಂಜೆಯ ಮೌನ ಅಳಿಸುತ್ತಾರಂತೆ ಎಂದು ಆ ಹೊತ್ತಿಗೆ ಸುದ್ದಿ ಹರಡಿತ್ತು. ಯಾರು ಹೇಳಿದರೋ ಕಾಣೆ. ಆಫೀಸಿನ ಅಂಗಳದಲ್ಲಿ ಜನ ಸೇರಿದ್ದರು. ಸಂಗೀತದ ಮೇಷ್ಟ್ರು ಮುಂದೆ ನಿಂತಿದ್ದರು.

“ಇರೋದನ್ನ ಯಾಕೆ ಕೆಡಿಸ್ತೀರಿ?” ಎನ್ನುತ್ತಿದ್ದರು. “ಇಡೀ ದಿನದಲ್ಲಿ ನನ್ನ ಕಿವಿಗೆ ಅಷ್ಟೇ ವಿರಾಮ.”

“ನಮ್ಮನೇಲಿ ಜಗಳ ನಿಲ್ಲೋದೇ ಆ ಹೊತ್ತಿಗೆ,” ಎಂದಳು ಹಿಟ್ಟಿನ ಗಿರಣಿಯವಳು. “ನಿಮ್ಮ ಗಂಡಂದಿರ ವಿಷಯ ನನಗೆ ಗೊತ್ತಿಲ್ಲ, ನನ್ನ ಗಂಡ ತಾನಾಗಿ ಸುಮ್ಮನಾಗೋನಲ್ಲ.”

“ನಮಗೋಸ್ಕರ ಅಲ್ಲ, ತುಂಗಮ್ಮನೋರಿಗೋಸ್ಕರ ಇರಲಿ!” ಎಂದು ಇನ್ನೊಬ್ಬರು. “ಪಾಪ, ಅವರ ಹತ್ತಿರ ಆಮೇಲೆ ಮಾತಾಡೋದು ಹೇಗೆ?”

ಇದಕ್ಕೆ ಎಲ್ಲರೂ ಹೌದು ಹೌದು ಎಂದರು. ತುಂಗಮ್ಮನ ಬಗ್ಗೆ ಊರಿಗೆ ಎಷ್ಟು ಪ್ರೀತಿ ಎಂದು ಒಬ್ಬರ ಮೇಲೊಬ್ಬರು ಹೇಳತೊಡಗಿದರು. ತುಂಗಮ್ಮ ಅವರ ನಡುವೆಯೇ ನಿಂತು ಕೈ ಎತ್ತಿ ಮಾತಾಡುತ್ತಿದ್ದರು. ಯಾರೂ ನೋಡುತ್ತಿರಲಿಲ್ಲ. ಮುದ್ದಣ್ಣ ಅಂಗಳದ ಮೂಲೆಯಿಂದ, “ಅಮ್ಮ ಏನೋ ಹೇಳ್ತಾ ಅವ್ರೆ,” ಎಂದ. ಅವನ ಮಾತೂ ಯಾರಿಗೂ ಕೇಳಿಸಲಿಲ್ಲ. ಪಂಕಜಕ್ಕ ಬಾಯಿ ತೆರೆದರು, ತುಂಗಮ್ಮನ ಪರವಾಗಿ ಹೇಳೋಣವೆಂದು. ತುಂಗಮ್ಮ ಅವರ ಬಾಯಿಗೆ ಅಡ್ಡ ಕೈ ಹಿಡಿದರು. ಹಿಡಿದು, ಮೆಟ್ಟಿಲೇರಿ, ಎರಡೂ ಕೈ ಕೆಳಗಿಳಿಸಿ ಸುಮ್ಮನೆ ನಿಂತುಬಿಟ್ಟರು.

ಎಷ್ಟು ಹೊತ್ತು ನಿಂತಿದ್ದರೋ. ಮೊದಲು ಗಿರಣಿಯವಳು ಸುಮ್ಮನಾದಳು. ಆಮೇಲೆ ಅವಳ ಪಕ್ಕದವರು. ಮೇಷ್ಟ್ರು ಅರ್ಧ ವಾಕ್ಯದಲ್ಲಿ ನಿಂತು ಸುತ್ತ ನೋಡಿದರು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಒಂದೂ ದನಿ ಇರಲಿಲ್ಲ. ಬಿಸಿಲಿತ್ತು, ಎಲ್ಲರ ಗಂಟಲಲ್ಲೂ ಮಾತಿತ್ತು, ಯಾರೂ ಆಡಲಿಲ್ಲ. ಊರಿನಲ್ಲಿ ಹಾಗಾದದ್ದು ಅದೇ ಮೊದಲು.

ಆಗ ತುಂಗಮ್ಮ ಮಾತಾಡಿದರು. ನಮಗೆ ತಿಳಿಯುವಂತೆ ನಿಧಾನವಾಗಿ, ನಮಗೆ ಬಾರದ ಮಾತುಗಳನ್ನು ನಟಿಸಿ ತೋರಿಸುತ್ತ, ಮಕ್ಕಳಿಗೆ ಹೇಳುವಂತೆ.

ಇಷ್ಟು ವರ್ಷ ದೀಪ ಹತ್ತಿದ ಕೂಡಲೇ ಊರೆಲ್ಲ ನನ್ನ ಜಗಲಿಗೆ ಬರುತ್ತೀರಿ, ಎಂದರು. ನಿಮಗೆಲ್ಲ ಉತ್ತರ ಕೊಡುವಷ್ಟರಲ್ಲಿ ನನ್ನ ಸಾರು ಎಷ್ಟು ಸಲ ಸೀದಿದೆ ಎಂದು ನನ್ನ ಗಂಡನಿಗೂ ಗೊತ್ತಿಲ್ಲ, ಯಾಕೆಂದರೆ ಸೀದದ್ದನ್ನು ನಾನು ಉಂಡಿದ್ದೇನೆ. ನಿಮಗೆ ಬಾಯಿ ಬಂದ ಕೂಡಲೇ ಬೆನ್ನು ತಿರುಗಿಸಿ ಹೋಗುತ್ತೀರಿ. ಬೆಳಿಗ್ಗೆ ಬೀದಿಯಲ್ಲಿ ಸಿಕ್ಕರೆ ನಕ್ಕು ಮುಂದೆ ಹೋಗುತ್ತೀರಿ. ಹಗಲಿನಲ್ಲಿ ನನ್ನ ಹತ್ತಿರ ಮಾತಾಡಿದವಳು ಒಬ್ಬಳೇ.

ಅಲ್ಲಿಗೆ ನಿಲ್ಲಿಸಿ ಮುದ್ದಣ್ಣನ ಕಡೆ ತೋರಿಸಿದರು. ದಿನಾ ಮಧ್ಯಾಹ್ನ ದ್ಯಾವಪ್ಪನವರು ಊಟ ಮಾಡಿ ಮಲಗಿದ ಮೇಲೆ, ದೋಣಿಯ ಬಿಡುವಿನಲ್ಲಿ ಕೆಂಚಮ್ಮ ಅವರ ಹಿತ್ತಲಿಗೆ ಬರುತ್ತಿದ್ದಳಂತೆ. ಗಂಟಲು ಗಟ್ಟಿಯಿರುವಾಗಲೇ ಕೈಯಲ್ಲಿ ಹರಟುತ್ತಿದ್ದಳಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಮುದ್ದಣ್ಣನಿಗೂ ಗೊತ್ತಿರಲಿಲ್ಲ, ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಅವಳು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ, ಎಂದರು ತುಂಗಮ್ಮ. ಕೂಗಿದರೆ ಕೇಳಿಸದೆ ಹೋಗುವುದು ಹೇಗಿರುತ್ತದೆ ಎಂದು ನನ್ನನ್ನು ಕೇಳಿ. ಅದನ್ನು ಇಡೀ ಊರಿಗೆ ಹಂಚಿ ನನಗೆ ಒಳ್ಳೆಯದಾಯಿತು ಎಂದುಕೊಂಡರೆ, ನನ್ನನ್ನು ಒಂದು ಮಾತು ಕೇಳಬೇಕಿತ್ತು.

ದ್ಯಾವಪ್ಪನವರು ಅಷ್ಟರಲ್ಲಿ ಕೋಲೂರಿಕೊಂಡು ಬಂದು ಗೇಟಿನ ಬಳಿ ನಿಂತಿದ್ದರು. ಒಳಗೆ ಬರಲಿಲ್ಲ.

ತುಂಗಮ್ಮ ಪಂಕಜಕ್ಕನ ಕಡೆ ತಿರುಗಿ ಅಳಿಸು ಎಂದರು. ಪಂಕಜಕ್ಕ ಒಳಗೆ ಹೋಗಿ ಕುಳಿತರು, ಪಕ್ಕದಲ್ಲಿ ತುಂಗಮ್ಮ ನಿಂತರು. ನಾವು ಕೆಲವರು ಕಿಟಕಿಯಲ್ಲಿ. ಖಾಲಿ ಸಾಲುಗಳನ್ನು ಕೆಳಗಿನಿಂದ ಅಳಿಸುತ್ತ ಬಂದರು. ಮುಚ್ಚಳದವರೆಗೆ ಬಂದು ಕೈ ನಿಂತಿತು. ಹಿಂದೆ ಸಾಹೇಬರು ನಿಂತಿದ್ದರು.

“ಸಾಕು ಮೇಡಂ,” ಎಂದರು ಮೆಲ್ಲಗೆ. “ಮುಚ್ಚಳ ಇರಲಿ. ನಾನು ಹೇಳಿದ್ದೆನಲ್ಲ.”

ಪಂಕಜಕ್ಕ ತುಂಗಮ್ಮನನ್ನು ನೋಡಿದರು. ತುಂಗಮ್ಮ ಪರದೆಯ ಮೇಲಿನ ಆ ಪುಟ್ಟ ಗುರುತನ್ನೇ ನೋಡುತ್ತಿದ್ದರು. ಅದೇನು ಎಂದು ಕೇಳಿದರು. ಇಲ್ಲಿಗೆ ಮುಗಿಯಿತು ಎನ್ನಲು ಎಂದು ಪಂಕಜಕ್ಕ ಕೈಯಲ್ಲೇ ಹೇಳಿದರು. ಮುಗಿಯಿತು ಎನ್ನದಿದ್ದರೆ ಮುಗಿಯುವುದಿಲ್ಲವೇ? ಮುಗಿಯುತ್ತದೆ. ಹಾಗಾದರೆ ಇದರ ಕೆಳಗೆ ಜಾಗವಿದೆ ಎಂದು ತೋರಿಸುವುದು ಬಿಟ್ಟು ಇದು ಮತ್ತೇನು ಮಾಡುತ್ತದೆ? ಪಂಕಜಕ್ಕ ಸ್ವಲ್ಪ ಯೋಚಿಸಿದರು. ಏನೂ ಮಾಡುವುದಿಲ್ಲ ಎಂದರು. ಇದು ಇದ್ದರೆ ಇನ್ನೊಬ್ಬರು ಯಾರಾದರೂ, ಇನ್ನು ಯಾರ ಮೇಲಿನ ಪ್ರೀತಿಗೋ, ಇದರ ಕೆಳಗೆ ಏನಾದರೂ ಇಡುತ್ತಾರೆ ಎಂದರು ತುಂಗಮ್ಮ.

ಪಂಕಜಕ್ಕ ಅದನ್ನೂ ಅಳಿಸಿದರು. ಆ ದಿನವೇ ಕುಳಿತು ತಮ್ಮ ಉಳಿದ ಫೈಲುಗಳ ಮುಚ್ಚಳಗಳನ್ನೂ ತೆಗೆದರು. ಒಂದೊಂದು ತೆಗೆದಾಗಲೂ, ಬಾಗಿಲು ಹಾಕದೆ ಊರಿಗೆ ಹೊರಟವರ ಹಾಗೆ ಮುಖ ಮಾಡುತ್ತಿದ್ದರು. ಸಾಹೇಬರು ಚಹಾ ತರಿಸಿಕೊಟ್ಟು, ಒಂದು ಮಾತೂ ಆಡದೆ ತಮ್ಮ ಕೋಣೆಗೆ ಹೋದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಂದೇ.

ಸಂಜೆ ದೀಪ ಹತ್ತಿತು. ಜನ ಬೀದಿಗೆ ಬಂದು ನಿಂತಿದ್ದರು. ಗಂಟಲು ಇದ್ದ ಹಾಗೇ ಇತ್ತು. ಆದರೆ ಏನು ಮಾತಾಡುವುದೆಂದು ಯಾರಿಗೂ ತೋಚಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಟೈಲರ್ ವಾಸುದೇವಯ್ಯ ಕೆಮ್ಮಿ, “ಏನ್ ಸಾರು?” ಎಂದು ಎದುರುಮನೆಯವರನ್ನು ಕೇಳಿದರು. “ಹುರುಳಿ,” ಎಂದರು ಅವರು. ಅಲ್ಲಿಂದ ನಮ್ಮೂರಿನಲ್ಲಿ ಸಂಜೆಯ ಮಾತು ಶುರುವಾಯಿತು.

ಆಮೇಲೆ ಎಲ್ಲವೂ ಚೆನ್ನಾಯಿತು ಎಂದು ಹೇಳಲಾರೆ. ಗಿರಣಿಯವಳ ಮನೆಯ ಜಗಳ ಈಗ ಊಟದವರೆಗೂ ನಡೆಯುತ್ತದೆ. ತುಂಗಮ್ಮನ ಜಗಲಿಗೆ ಬರುವವರು ದಿನದಿಂದ ದಿನಕ್ಕೆ ಕಡಿಮೆಯಾಗಿ, ಕೊನೆಗೆ ಯಾರೂ ಬರದಾದರು. ಕೈಮಾತು ಹಲವರಿಗೆ ಮರೆತೇಹೋಯಿತು. ದ್ಯಾವಪ್ಪನವರು ಖಾಲಿ ಜಗಲಿಯಲ್ಲಿ ಕುಳಿತು, ನಾನು ಹೇಳಲಿಲ್ಲವೇ ಎನ್ನುವ ಮುಖದಲ್ಲಿ ಬೀದಿ ನೋಡುತ್ತಿದ್ದರು. ತುಂಗಮ್ಮ ಒಂದಷ್ಟು ದಿನ ಗಂಡನೊಂದಿಗೆ ಮಾತಾಡಲು ಬೆರಳೆತ್ತಲಿಲ್ಲ. ಆಮೇಲೆ ಒಂದು ಸಂಜೆ ಸೀಯದ ಸಾರು ಬಡಿಸಿ, ಹೇಗಿದೆ ಎಂದು ಕೇಳಿದರಂತೆ. ಮುದುಕರು ಎರಡನೇ ಸಲ ಹಾಕಿಸಿಕೊಂಡರಂತೆ. ಅವರ ಮಧ್ಯೆ ಅಷ್ಟಕ್ಕೇ ಸರಿಹೋಯಿತು.

ಕೆಂಚಮ್ಮ ಆಸ್ಪತ್ರೆಯಿಂದ ಬಂದಳು. ಮತ್ತೆ ದೋಣಿ ಹತ್ತಲು ಕೆಲವು ವಾರ ಹಿಡಿಯಿತು. ಅಷ್ಟು ದಿನವೂ ಮಧ್ಯಾಹ್ನ ತುಂಗಮ್ಮನೇ ಹೊಳೆ ದಡದ ಅವಳ ಮನೆಗೆ ಹೋಗುತ್ತಿದ್ದರು.

ಒಂದು ದಿನ ಊಟದ ಬಿಡುವಿನಲ್ಲಿ ಪಂಕಜಕ್ಕ ಡಬ್ಬಿ ತೆಗೆದುಕೊಂಡು ಎದ್ದು ಹೊರಟರು. ಎಲ್ಲಿಗೆ ಎಂದೆ. “ಬನ್ನಿ ಬೇಕಾದ್ರೆ,” ಎಂದರು. ಹೋದೆ. ತುಂಗಮ್ಮ ಹಿತ್ತಲಿನಲ್ಲಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದರು, ಪಕ್ಕದಲ್ಲಿ ಕೆಂಚಮ್ಮ. ನಮ್ಮನ್ನು ಕಂಡು ಮಣೆ ತೋರಿಸಿದರು. ಪಂಕಜಕ್ಕ ಕುಳಿತು, ಕೈ ಎತ್ತಿ, ಮಾತು ಶುರು ಮಾಡಲು ಹೋಗಿ ನಿಂತರು. ಬೆರಳುಗಳು ಗಾಳಿಯಲ್ಲೇ ತಡವರಿಸಿದವು. ಚಂದ್ರ ಎನ್ನಲು ಬರುತ್ತಿತ್ತು, ಸೊಳ್ಳೆ ಬರುತ್ತಿತ್ತು, ರಾತ್ರಿಯ ಊಟ ಬರುತ್ತಿತ್ತು. ಬಿಸಿಲು ಎನ್ನುವುದು ಹೇಗೆ ಎಂದು ತಿಳಿಯದು. ಹುಣಸೆಹಣ್ಣು ತಿಳಿಯದು. ನನ್ನನ್ನು ನೋಡಿದರು, ನನಗೂ ತಿಳಿಯದು. ಊರಿಗೆ ಊರೇ ಕಲಿತದ್ದು ಸಂಜೆಯ ಮಾತುಗಳನ್ನು ಮಾತ್ರ. ಹಗಲಿಗೆ ಬೇಕಾದ ಒಂದು ಮಾತೂ, ಕೆಂಚಮ್ಮನನ್ನು ಬಿಟ್ಟರೆ, ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಕೆಂಚಮ್ಮ ಗಟ್ಟಿಯಾಗಿ ನಕ್ಕಳು. ತುಂಗಮ್ಮ ನಗಲಿಲ್ಲ. ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಸರಿದರು. ಪಂಕಜಕ್ಕನ ಬಲಗೈ ಹಿಡಿದು, ಅಂಗೈ ಬಿಡಿಸಿ, ಮೆಲ್ಲಗೆ ಎತ್ತಿ ಅವರ ನೆತ್ತಿಗೆ ನೇರವಾಗಿ ಮೇಲೆ ನಿಲ್ಲಿಸಿದರು. ಮಧ್ಯಾಹ್ನ. ಪಂಕಜಕ್ಕ ತಪ್ಪಾಗಿ ಮಾಡಿದರು. ತುಂಗಮ್ಮ ತಿದ್ದಿದರು. ಮತ್ತೆ ಮಾಡು ಎಂದರು.